ಸೀಗೆಕಾಯಿ ಹಾಕಿದ್ರೆ ಕೂದಲು ನಾರಿನ ಥರ ಆಗತ್ತೆ, ಏನ್ ಮಾಡ್ಲಿ?

ಪ್ರಶ್ನೆ: ಮೇಡಂ, ಕೂದಲು ತುಂಬಾ ಉದುರ್ತಿದೆ ಅಂತ ಶಾಂಪೂ ಬಿಟ್ಟು ಅಂಗಡಿಯಿಂದ ಸೀಗೆಪುಡಿ ತಂದು ಹಾಕ್ತಿದೀನಿ. ಕೂದಲು ಒರಟಾಗಿ ಸಿಕ್ಕು ಬೀಳ್ತಿದೆ, ಕಣ್ಣು ಬೇರೆ ಉರಿಯತ್ತೆ. ಅಜ್ಜಿಗೆ ಮೊಣಕಾಲುದ್ದ ಜಡೆ ಇತ್ತು, ಅವ್ರು ಹಾಕ್ತಿದ್ದಿದ್ದೂ ಇದೇ. ನಂಗ್ಯಾಕೆ ಆಗಿಬರ್ತಿಲ್ಲ?
– ಓದುಗರು, ತುಮಕೂರು

ಉತ್ತರ: ನೀವು ಎಣ್ಣೆ ಹಚ್ಕೊಳ್ದೆ ಬರೀ ಪುಡಿ ಹಾಕ್ತಿದೀರ ಅನ್ಸತ್ತೆ. ಸೀಗೆಕಾಯಲ್ಲಿ ಸಪೋನಿನ್ ಅಂತ ನೊರೆ ಬರೋ ಅಂಶ ಇರತ್ತೆ, ಅದರ ಕೆಲ್ಸಾನೇ ಜಿಡ್ಡು ತೆಗೆಯೋದು. ಅಜ್ಜಿಯಂದ್ರು ತಲೆ ತುಂಬಾ ಹರಳೆಣ್ಣೆನೋ ಕೊಬ್ಬರಿ ಎಣ್ಣೆನೋ ತಟ್ಟಿ, ಒಂದಷ್ಟು ಹೊತ್ತು ನೆನೆಯೋಕ್ಕೆ ಬಿಟ್ಟು ಆಮೇಲೆ ಉಜ್ತಿದ್ರು, ದೀಪಾವಳಿ ಎಣ್ಣೆಸ್ನಾನ ನೆನಪು ಮಾಡ್ಕೊಳ್ಳಿ, ಹಾಗಾಗಿ ಪುಡಿ ಹೆಚ್ಚಾಗಿದ್ದ ಎಣ್ಣೆನ ಎಳ್ಕೊಂಡು ಹೋಗ್ತಿತ್ತು, ಬೇಕಾದಷ್ಟು ಉಳೀತಿತ್ತು. ಒಣ ತಲೆಗೆ ಹಾಕಿದ್ರೆ ಇರೋ ಸ್ವಲ್ಪ ಜಿಡ್ಡೂ ಹೋಗಿ ಕೂದಲು ಬಿರುಸಾಗತ್ತೆ.

ಇನ್ನೊಂದು ವಿಷ್ಯ, ಅವ್ರು ಬರೀ ನೀರಲ್ಲಿ ಕಲಸ್ತಿರ್ಲಿಲ್ಲ. ಅನ್ನ ಬಸಿದ ಗಂಜಿಲಿ ಕಲಸ್ತಿದ್ರು, ಮೆಂತ್ಯ ನೆನೆಸಿ ರುಬ್ಬಿ ಸೇರಿಸ್ತಿದ್ರು, ಮಲೆನಾಡು ಕರಾವಳಿ ಕಡೆ ದಾಸವಾಳದ ಎಲೆ ಕಿವುಚಿ ಲೋಳೆ ತೆಗೆದು ಹಚ್ತಾರೆ. ಕೂದಲು ನುಣುಪಾಗೋದು ಈ ಲೋಳೆಯಿಂದ.

ಆದಷ್ಟೂ ಪುಡಿ ಮನೇಲೇ ಮಾಡಿಸಿ, ನನ್ ಮಾತು ಕೇಳಿ. ಪ್ಯಾಕೆಟ್ ಪುಡೀಲಿ ಏನೇನ್ ಬೆರೆಸಿರ್ತಾರೋ ಕಣ್ಣಿಗೆ ಕಾಣಲ್ಲ, ಕಾಯಾದ್ರೆ ಕಾಣತ್ತೆ. ಗ್ರಂಥಿಗೆ ಅಂಗಡೀಲಿ ಸಿಗತ್ತೆ, ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿಂದ ಆರಿಸಿ ತರೋ ಕಾಯಿ ಸಿಕ್ಕಿದ್ರಂತೂ ಬಿಡ್ಬೇಡಿ. 1 ಕೆಜಿ ಕಾಯಿಗೆ 200 ಗ್ರಾಂ ಮೆಂತ್ಯ, ಒಂದು ಹಿಡಿ ಹೆಸರುಕಾಳು, ಸೀಗೆಕಾಯಿ ಬೀಜ ಬಿಡಿಸಿ ಎಲ್ಲಾನೂ ಬಿಸಿಲಲ್ಲಿ ಗರಿಗರಿ ಒಣಗಿಸಿ ಸೀಗೆಕಾಯಿ ಬೀಸೋ ಮಿಲ್ಲಲ್ಲೇ ಬೀಸಿಸಿ, ರಾಗಿ ಮಿಷನ್‌ಗೆ ಹಾಕಲ್ಲ ಅವ್ರು. ಜರಡಿ ಹಿಡಿಯೋವಾಗ ಮೂಗಿಗೆ ಬಟ್ಟೆ ಕಟ್ಕೊಳ್ಳಿ, ಸೀನು ನಿಲ್ಲಲ್ಲ. ನುಣ್ಣಗಿದ್ರೆ ತೊಳೆಯೋದೂ ಸುಲಭ. ತಲೆ ಹಿಂದಕ್ಕೆ ಬಾಗಿಸಿ ತೊಳ್ಕೊಳ್ಳಿ, ಕಣ್ಣಿಗೆ ಬಿದ್ರೆ ತಣ್ಣೀರು ಧಾರಾಳವಾಗಿ ಎರಚ್ಕೊಳ್ಳಿ, ಉಜ್ಬೇಡಿ.

ಇನ್ನು ಉದುರೋದು. ಸೀಗೆಕಾಯಿ ತಲೆ ಕ್ಲೀನ್ ಮಾಡತ್ತೆ ಅಷ್ಟೇ, ಕೂದಲು ಬೆಳೆಸಲ್ಲ, ಹಾಗಂತ ಹೇಳಿ ಮಾರೋರನ್ನ ನಂಬ್ಬೇಡಿ. ರಕ್ತ ಕಮ್ಮಿ ಇದ್ರೂ, ಥೈರಾಯ್ಡ್ ಇದ್ರೂ, ಹೆರಿಗೆ ಆಗಿ ಕೆಲವು ತಿಂಗಳಾದ್ಮೇಲೂ ಉದುರತ್ತೆ. ಡಾಕ್ಟರ್ ಹತ್ರ ಹೋಗಿ ಒಂದ್ಸಲ ಬ್ಲಡ್ ಟೆಸ್ಟ್ ಮಾಡಿಸ್ಲೇಬೇಕು ನೀವು.

ಪ್ರಶ್ನೆ: ಆರು ತಿಂಗಳ ಮಗೂಗೆ ಸೀಗೆಪುಡಿ ಹಾಕಬಹುದಾ? ಅತ್ತೆ ಹಾಕು ಅಂತಿದಾರೆ.
– ಓದುಗರು, ಶಿವಮೊಗ್ಗ

ಉತ್ತರ: ಬೇಡಮ್ಮ. ಕಣ್ಣಿಗೆ ಹೋದ್ರೆ ಮಗು ತಡ್ಕೊಳಲ್ಲ, ಪುಡಿ ಹಾರಿ ಮೂಗಿಗೂ ಹೋಗತ್ತೆ. ಬೆಚ್ಚಗಿನ ನೀರು ಸಾಕು. ಎಣ್ಣೆ ಹಚ್ಚಿದ ದಿನ ಮಕ್ಕಳ ಶಾಂಪೂನೇ ಒಂದ್ ಹನಿ ಹಾಕಿ, ಅತ್ತೆಗೆ ನಾನೇ ಹೇಳ್ದೆ ಅನ್ನಿ.