ಅಂಗಳದ ಸಿಮೆಂಟ್ ಕೊಳ ತೆಗೆಸಿ ಆ ಜಾಗದಲ್ಲಿ ಏನು ಮಾಡಬಹುದು?

ಮನೆಯಲ್ಲಿ ಪುಟ್ಟ ಮಗು ಇದೆ, ಸೊಳ್ಳೆ ಕಾಟವೂ ಜಾಸ್ತಿ ಅಂತ ಬರೆದಿದ್ದೀರಿ. ಹಾಗಿದ್ದರೆ ಕೊಳ ತೆಗೆಸುವುದೇ ಸರಿ. ಆದರೆ ಸುಮ್ನೆ ಮಣ್ಣು ಸುರಿದು ಮುಚ್ಚಬೇಡಿ. ತಳದ ಸಿಮೆಂಟ್ ಹಾಗೇ ಉಳಿದರೆ ಮಳೆಗಾಲದಲ್ಲಿ ಒಳಗೇ ನೀರು ನಿಂತು, ಹಾಕಿದ ಗಿಡದ ಬೇರೆಲ್ಲ ಕೊಳೆಯುತ್ತದೆ. ನಾವು ಮೊದಲ ಸಲ ಹೀಗೇ ಮಾಡಿ ಒಂದು ಒಳ್ಳೆ ದಾಸವಾಳ ಕಳೆದುಕೊಂಡೆವು, ಅಗೆದು ನೋಡಿದರೆ ಬೇರು ಕಪ್ಪಾಗಿ ನಾರುತ್ತಿತ್ತು.

ಬೇಸಿಗೆಯಲ್ಲೇ ಕೆಲಸ ಹಿಡಿಯಿರಿ. ಮೀನು, ತಾವರೆ ಗಡ್ಡೆಗಳನ್ನು ಕೊಳ ಇರುವ ಪರಿಚಯದವರಿಗೆ ಕೊಡಿ. ದಯವಿಟ್ಟು ಗಪ್ಪಿ ಮೀನನ್ನೋ ನೀರಿನ ಮೇಲೆ ತೇಲುವ ಅಂತರಗಂಗೆ ಗಿಡವನ್ನೋ ಕೆರೆಗೆ ಬಿಡಬೇಡಿ, ಅವು ಅಲ್ಲಿ ಹಬ್ಬಿದರೆ ತಡೆಯುವುದು ಬಹಳ ಕಷ್ಟ. ತಳದ ಕಪ್ಪು ಕೆಸರು ಒಳ್ಳೆ ಗೊಬ್ಬರ, ತೆಂಗಿನ ಬುಡಕ್ಕೆ ಹಾಕಿ. ಆಮೇಲೆ ತಳವನ್ನು ಐದಾರು ಕಡೆ ಹಾರೆಯಿಂದ ಒಡೆಸಿ. ಒಂದು ಬಕೆಟ್ ನೀರು ಸುರಿದು ಇಂಗುತ್ತದಾ ನೋಡಿ. ಇಂಗಿದರೆ ಅಡಿಗೆ ಇಟ್ಟಿಗೆ ಚೂರು, ಜಲ್ಲಿ, ಮೇಲೆ ಮಣ್ಣು. ಮಣ್ಣು ಕುಸಿಯುತ್ತದೆ, ಸುತ್ತಲಿನ ನೆಲಕ್ಕಿಂತ ನಾಲ್ಕು ಬೆರಳು ಎತ್ತರಕ್ಕೇ ತುಂಬಿಸಿ. ಪಂಪಿನ ವೈರ್ ಇದ್ದರೆ ಎಲ್ಲಕ್ಕಿಂತ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ತೆಗೆಸಿಬಿಡಿ.

ಬದಲಿಗೆ ಏನು ಅಂದರೆ, ನನ್ನ ಮತ ಕೈತೋಟಕ್ಕೆ. ತೇವ ಇಷ್ಟಪಡುವ ಕೆಸು, ಕಾಬಾಳೆ, ಅಂಚಿಗೆ ಒಂದೆಲಗ ಹಾಕಿ, ತಾರಸಿ ನೀರಿನ ಪೈಪನ್ನು ಅಲ್ಲಿಗೇ ತಿರುಗಿಸಿ. ಗೋಡೆಗೆ ತೀರಾ ಹತ್ತಿರವಿದ್ದರೆ ಮಾತ್ರ ಪೈಪ್ ಬೇಡ, ಪಾಯಕ್ಕೆ ತೇವ ಹಿಡಿಯುತ್ತದೆ. ನಮ್ಮಲ್ಲಿ ಈಗ ವಾರಕ್ಕೊಮ್ಮೆ ಒಂದೆಲಗದ ತಂಬುಳಿ ಆಗುವಷ್ಟು ಸೊಪ್ಪು ಅಲ್ಲೇ ಸಿಗುತ್ತದೆ.