ಆಟಕ್ಕಾಗಿ ಮಗನ ವಯಸ್ಸನ್ನು ಎರಡು ವರ್ಷ ಕಡಿಮೆ ತೋರಿಸುವುದು ಅಷ್ಟು ದೊಡ್ಡ ತಪ್ಪೇ?

ನೀವು ಶಿರಸಿಯಿಂದ ಬರೆದಿದ್ದೀರಿ. ಮಗನಿಗೆ ಹದಿನೈದೂವರೆ, ಕಬಡ್ಡಿಯಲ್ಲಿ ಒಳ್ಳೆಯ ರೈಡರ್. ಸಬ್ ಜೂನಿಯರ್ ವಿಭಾಗದ ಮಿತಿ 16 ವರ್ಷ. ಇನ್ನು ಆರು ತಿಂಗಳಿಗೆ ಅವನು ಆ ಮಿತಿ ದಾಟುತ್ತಾನೆ. ‘ಹೊಸ ಜನನ ಪ್ರಮಾಣಪತ್ರ ಮಾಡಿಸಿ, ಎರಡು ವರ್ಷ ಕಡಿಮೆ ತೋರಿಸೋಣ, ರಾಜ್ಯ ತಂಡ ಗ್ಯಾರಂಟಿ, ಎಲ್ಲರೂ ಮಾಡುವುದೇ’ ಎಂದು ತರಬೇತುದಾರರು ಹೇಳಿದ್ದಾರೆ. ಯಾರಿಗೂ ನಷ್ಟವಿಲ್ಲದ ಸಣ್ಣ ಸುಳ್ಳಲ್ಲವೇ ಎಂದು ಕೇಳಿದ್ದೀರಿ.

ಮಾಡಿಸಬೇಡಿ. ನಾನು ಅಂಕೋಲಾ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾದವನು. ಇಂಥ ಸುಳ್ಳನ್ನು ಒಮ್ಮೆ ನನ್ನ ಕೈಯಾರೆ ಬರೆದಿದ್ದೇನೆ. ನಷ್ಟ ಯಾರಿಗೆ ಆಗುತ್ತದೆ ಎಂಬುದನ್ನು ಕಣ್ಣಾರೆ ಕಂಡವನಾಗಿ ಹೇಳುತ್ತಿದ್ದೇನೆ.

ಆ ವರ್ಷ ನಮ್ಮ ಶಾಲೆಯ ತಂಡ ತಾಲೂಕು ಮಟ್ಟದಲ್ಲಿ ಗೆದ್ದು ಜಿಲ್ಲಾ ಮಟ್ಟಕ್ಕೆ ಹೋಗಿತ್ತು. ಊರಿಗೆ ಊರೇ ಸಂಭ್ರಮದಲ್ಲಿತ್ತು. ಆದರೆ ತಂಡದಲ್ಲಿ ಗಟ್ಟಿ ರೈಡರ್ ಒಬ್ಬನೇ. ನಮ್ಮಲ್ಲೇ ಓದಿ, ಅರ್ಧಕ್ಕೆ ಶಾಲೆ ಬಿಟ್ಟು ಎರಡು ವರ್ಷದಿಂದ ಬೇಲೆಕೇರಿಯಲ್ಲಿ ಬಲೆ ಎಳೆಯಲು ಹೋಗುತ್ತಿದ್ದ ಹುಡುಗನೊಬ್ಬನಿದ್ದ. ವಯಸ್ಸು ಹತ್ತೊಂಬತ್ತು. ಅವನ ತಮ್ಮ ನಮ್ಮಲ್ಲೇ ಹತ್ತನೆಯ ತರಗತಿಯಲ್ಲಿದ್ದ. ತಮ್ಮನ ಹೆಸರು, ತಮ್ಮನ ಜನ್ಮದಿನಾಂಕ, ಅಣ್ಣನ ಫೋಟೋ. ನಮೂನೆ ತುಂಬಿದವನು ನಾನು. ಮೊಹರು ಹೇಗೆ ಬಿತ್ತು ಎಂದು ಯಾರೂ ಕೇಳಲಿಲ್ಲ.

ಪಂದ್ಯದ ದಿನ ಬೆಳಿಗ್ಗೆ ಅವನು ಮೀಸೆ ಬೋಳಿಸಿಕೊಂಡು ಬಂದಿದ್ದ. ಮೇಲ್ದುಟಿಯ ಮೇಲೆ ಬ್ಲೇಡಿನ ಸಣ್ಣ ಗೀರು, ಅದಕ್ಕೆ ಅಂಟಿಸಿದ ಕಾಗದದ ಚೂರು ರಕ್ತದಲ್ಲಿ ನೆನೆದಿತ್ತು. ಸೆಮಿಫೈನಲ್‌ನಲ್ಲಿ ಎದುರು ತಂಡದ ಕಾರ್ನರ್‌ನಲ್ಲಿದ್ದ ಹುಡುಗ ಕಡ್ಡಿಯಂಥವನು, ಆದರೆ ಎದೆಗಾರ. ನಮ್ಮವನ ಪಾದ ಹಿಡಿದ. ಸರಿಯಾಗಿಯೇ ಹಿಡಿದಿದ್ದ. ನಾವು ಕಲಿಸುವುದೂ ಹಾಗೆಯೇ. ನಮ್ಮವನು ಆ ಹಿಡಿತದ ಸಮೇತ ಅವನನ್ನು ಎಳೆದುಕೊಂಡು ಗೆರೆಯತ್ತ ಹಾರಿ ಅವನ ಮೈಮೇಲೆಯೇ ಬಿದ್ದ. ಒಣ ಕಡ್ಡಿ ಮುರಿದಂಥ ಸದ್ದು ಕೇಳಿಸಿತು. ಹೆಗಲೆಲುಬು. ನಮಗೆ ಪಾಯಿಂಟ್ ಬಂತು. ‘ಆಟದಲ್ಲಿ ಇದೆಲ್ಲ ಇದ್ದದ್ದೇ’ ಎಂದು ಯಾರೋ ಹೇಳಿದರು. ಸಮವಯಸ್ಕರ ನಡುವೆ ಇದ್ದದ್ದು, ನಿಜ. ಆದರೆ ಹದಿನೈದರ ಮೂಳೆಯ ಮೇಲೆ ಹತ್ತೊಂಬತ್ತರ ಮೈಯನ್ನು ಬೀಳಿಸಿದವನು ನಾನು. ವಯೋಮಿತಿ ಇರುವುದು ಬಹುಮಾನ ಹಂಚಲು ಅನುಕೂಲವಾಗಲಿ ಎಂದಲ್ಲ. ಆ ವಯಸ್ಸಿನಲ್ಲಿ ಎರಡು ವರ್ಷವೆಂದರೆ ತೋಳು, ತೊಡೆ, ಎಲುಬು ಎಲ್ಲವೂ ಬೇರೆಯೇ ಆಗಿರುತ್ತವೆ.

ನಾವು ಗೆದ್ದೆವು. ಸಂಜೆ ಉತ್ತಮ ರೈಡರ್ ಪ್ರಶಸ್ತಿಗೆ ಮೈಕಿನಲ್ಲಿ ಹೆಸರು ಕರೆದರು. ಅವನು ನನ್ನ ಪಕ್ಕದಲ್ಲೇ ನಿಂತು ಚಪ್ಪಾಳೆ ತಟ್ಟುತ್ತಿದ್ದ. ಎರಡನೆಯ ಸಲ ಕರೆದರು. ಆಗಲೂ ಅವನಿಗೆ ಹೊಳೆಯಲಿಲ್ಲ, ಕರೆದದ್ದು ತಮ್ಮನ ಹೆಸರನ್ನಲ್ಲವೇ? ನಾನೇ ಬೆನ್ನಿಗೆ ತಟ್ಟಿ ಕಳಿಸಿದೆ. ಬದುಕಿನಲ್ಲಿ ಅವನಿಗೆ ಸಿಕ್ಕ ಅತಿ ದೊಡ್ಡ ಪ್ರಮಾಣಪತ್ರದಲ್ಲಿ ಅವನ ಹೆಸರಿಲ್ಲ.

ಇನ್ನೊಬ್ಬನ ಸುದ್ದಿಯನ್ನೂ ಹೇಳಬೇಕು. ಕಬಡ್ಡಿ ತಂಡದಲ್ಲಿ ಹನ್ನೆರಡು ಮಂದಿ, ಅಂಕಣದಲ್ಲಿ ಏಳು. ಅಣ್ಣನನ್ನು ಸೇರಿಸಿದಾಗ ಹನ್ನೆರಡನೆಯವನಾಗಿದ್ದ ಹುಡುಗ ಹದಿಮೂರನೆಯವನಾದ. ಹೊರಡುವ ಹಿಂದಿನ ಸಂಜೆ ಅವನನ್ನು ಕರೆದು, ಈ ಸಲ ನೀನು ಬೇಡ ಎಂದೆ. ಕಾರಣ ಕೇಳಲಿಲ್ಲ. ‘ಆಯಿತು ಸರ್’ ಎಂದು ಒಳಗೆ ಹೋಗಿ, ಮನೆಯಲ್ಲಿ ಒಗೆದು ಇಸ್ತ್ರಿ ಮಾಡಿ ತಂದಿದ್ದ ಜೆರ್ಸಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಮೇಜಿನ ಮೇಲಿಟ್ಟು ಹೋದ. ಮರುದಿನದಿಂದ ಅವನು ಅಭ್ಯಾಸಕ್ಕೆ ಬರಲಿಲ್ಲ. ‘ಯಾರಿಗೂ ನಷ್ಟವಿಲ್ಲ’ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಆ ಜೆರ್ಸಿ ಕಾಣುತ್ತದೆ. ನಿಮ್ಮ ಮಗ ಸುಳ್ಳು ವಯಸ್ಸಿನಲ್ಲಿ ಒಂದು ಜಾಗ ಹಿಡಿದರೆ ಆ ಜಾಗ ಗಾಳಿಯಿಂದ ಬರುವುದಿಲ್ಲ. ಮುಂಡಗೋಡದಲ್ಲೋ ಹಳಿಯಾಳದಲ್ಲೋ ನಿಜವಾದ ವಯಸ್ಸಿನ ಒಬ್ಬ ಹುಡುಗ ಜೆರ್ಸಿ ಮಡಚಿಡುತ್ತಾನೆ. ಅವನ ಹೆಸರು ನಿಮಗೆ ಎಂದಿಗೂ ತಿಳಿಯುವುದಿಲ್ಲ. ಈ ಅಪರಾಧ ಸಣ್ಣದಾಗಿ ಕಾಣುವುದಕ್ಕೆ ಅದೊಂದೇ ಕಾರಣ.

ನಿಮ್ಮ ತರಬೇತುದಾರರನ್ನು ನಾನು ಕೆಟ್ಟವರು ಎನ್ನುತ್ತಿಲ್ಲ. ನಾನೂ ಕೆಟ್ಟವನೆಂದು ಅಂದು ನನಗೆ ಅನ್ನಿಸಿರಲಿಲ್ಲ. ಕ್ರೀಡೆಯಲ್ಲಿ ದಾರಿ ತಪ್ಪುವವರ ಬಗ್ಗೆ ರಾಬರ್ಟ್ ಹ್ಯೂಸ್ ಮತ್ತು ಜೇ ಕೋಕ್ಲಿ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು 1991ರಲ್ಲಿ ಒಂದು ವಿಚಾರ ಮಂಡಿಸಿದ್ದರು. ಆಟಕ್ಕಾಗಿ ಎಲ್ಲವನ್ನೂ ಬಿಡು, ಎಲ್ಲರಿಗಿಂತ ಮೇಲಾಗು, ನೋವಿದ್ದರೂ ಆಡು, ಮಿತಿಯನ್ನು ಒಪ್ಪಬೇಡ. ಆಟಗಾರರು ಉಸಿರಾಡುವ ನೀತಿ ಈ ನಾಲ್ಕು. ಇವನ್ನು ಮೀರುವವರು ಮಾತ್ರವಲ್ಲ, ಇವನ್ನು ಪ್ರಶ್ನೆಯೇ ಇಲ್ಲದೆ ತಲೆಯ ಮೇಲೆ ಹೊತ್ತವರೂ ಕೆಡುತ್ತಾರೆ ಎಂದು ಅವರು ತೋರಿಸಿದರು. ಓದಿದಾಗ ನನ್ನ ಹುಡುಗರೇ ಕಣ್ಣ ಮುಂದೆ ಬಂದರು. ತೂಕದ ಮಿತಿಯ ಪಂದ್ಯಗಳಿಗೆ ಮುನ್ನ, ನಮ್ಮ ಕರಾವಳಿಯ ಬೆವರು ಸುರಿಯುವ ಹವೆಯಲ್ಲಿ, ರೇನ್‌ಕೋಟ್ ತೊಟ್ಟು ಮೈದಾನ ಸುತ್ತುತ್ತಿದ್ದರು. ಹಿಂದಿನ ರಾತ್ರಿಯಿಂದ ನೀರು ಕುಡಿಯದೆ, ಬಾಯಿಯ ಎಂಜಲನ್ನೂ ಉಗುಳುತ್ತ ತಕ್ಕಡಿಯ ಮುಂದೆ ಸಾಲು ನಿಲ್ಲುತ್ತಿದ್ದರು. ಅವರು ಪುಂಡರಲ್ಲ, ಶಾಲೆಯಲ್ಲೇ ಅತ್ಯಂತ ಶ್ರದ್ಧೆಯುಳ್ಳವರು. ನಾನು ಹೇಳಿದರೆ ಗೋಡೆಗೂ ಹಾಯುತ್ತಿದ್ದರು. ಅಂಥ ಶ್ರದ್ಧೆಯನ್ನು ಹಿಡಿದುಕೊಂಡೇ ನಾವು ದೊಡ್ಡವರು ಅವರಿಂದ ಸುಳ್ಳು ಆಡಿಸುತ್ತೇವೆ. ನಿಮ್ಮ ಮಗನೂ ಬೇಡ ಎನ್ನುವುದಿಲ್ಲ. ಆದ್ದರಿಂದಲೇ ಬೇಡ ಎನ್ನಬೇಕಾದವರು ನೀವು.

ಎಲ್ಲರೂ ಮಾಡುತ್ತಾರೆ ಎಂಬ ಮಾತಿಗೆ ಬರುತ್ತೇನೆ. ಬಹಳ ಮಂದಿ ಮಾಡುತ್ತಾರೆ ಎಂಬುದು ನಿಜ. ಎಲ್ಲರೂ ಮಾಡುತ್ತಾರೆ ಎಂದುಕೊಂಡು ನಡೆದರೆ ಕೊನೆಗೆ ಎಲ್ಲಿ ಮುಟ್ಟುತ್ತೇವೆ ಎಂಬುದನ್ನು 2023ರ ಸೆಪ್ಟೆಂಬರ್‌ನಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟ ತೋರಿಸಿತು. ಉದ್ದೀಪನ ಮದ್ದು ತಡೆ ಸಂಸ್ಥೆ ನಾಡಾದ ಅಧಿಕಾರಿಗಳು ಮಾದರಿ ಸಂಗ್ರಹಕ್ಕೆ ಬಂದಿದ್ದಾರೆ ಎಂಬ ಸುದ್ದಿ ಹಬ್ಬುತ್ತಲೇ ಓಟಗಾರರು ಮಾಯವಾದರು. ಪುರುಷರ 100 ಮೀಟರ್ ಫೈನಲ್‌ನಲ್ಲಿ ಓಡಿದವನು ಒಬ್ಬನೇ ಒಬ್ಬ. ಮೈದಾನದ ಶೌಚಾಲಯದಲ್ಲಿ ಸಿರಿಂಜುಗಳು ಬಿದ್ದಿದ್ದವು. ಆ ಓಟಗಾರರು ಒಂದೇ ದಿನದಲ್ಲಿ ಸೂಜಿಗೆ ಕೈ ಹಾಕಿದವರು ಎಂದು ನನಗೆ ಅನ್ನಿಸುವುದಿಲ್ಲ. ರಾಹುಲ್ ದ್ರಾವಿಡ್ 2015ರಲ್ಲಿ ದೆಹಲಿಯ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ಈ ಮಾತನ್ನೇ ಎತ್ತಿದ್ದರು: ಅಪ್ಪ ಅಮ್ಮ, ತರಬೇತುದಾರ ಸೇರಿ ಸುಳ್ಳು ಜನನ ಪ್ರಮಾಣಪತ್ರ ಮಾಡಿಸುವುದನ್ನು ನೋಡುವ ಮಗು ಏನು ಕಲಿಯುತ್ತದೆ? ಹದಿನಾಲ್ಕರಲ್ಲಿ ವಯಸ್ಸಿನ ಸುಳ್ಳು, ಇಪ್ಪತ್ತೈದರಲ್ಲಿ ಫಿಕ್ಸಿಂಗ್, ಎರಡಕ್ಕೂ ವ್ಯತ್ಯಾಸವೇನು ಎಂದು ಅವರು ಕೇಳಿದ್ದರು. ನಮ್ಮ ರಾಜ್ಯದ ಮನುಷ್ಯನೆಂಬ ಅಭಿಮಾನದಿಂದ ಇದನ್ನು ಹೇಳುತ್ತಿಲ್ಲ. ಕಿರಿಯರ ತಂಡಗಳನ್ನು ಹತ್ತಿರದಿಂದ ಕಂಡವರ ಮಾತು ಎಂದು ಹೇಳುತ್ತಿದ್ದೇನೆ.

ಸಿಕ್ಕಿಬೀಳುವ ವಿಷಯವನ್ನು ಬೇಗ ಮುಗಿಸುತ್ತೇನೆ, ಹೆದರಿಸುವುದು ನನಗೆ ಇಷ್ಟವಿಲ್ಲ. ಕ್ರಿಕೆಟ್ ಮಂಡಳಿ ಹದಿನಾರರ ಒಳಗಿನ ಹುಡುಗರಿಗೆ ಎಡ ಮುಂಗೈ ಎಕ್ಸ್‌ರೇ ತೆಗೆದು, ಮೂಳೆ ಎಷ್ಟು ಕೂಡಿದೆ ಎಂದು ನೋಡುವ ಟಿಡಬ್ಲ್ಯು3 ಪರೀಕ್ಷೆ ನಡೆಸುತ್ತದೆ. ಎಲ್ಲ ಮಕ್ಕಳ ಮೂಳೆಯೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲವಾದ್ದರಿಂದ ಅದರಲ್ಲೂ ಕೊರತೆಯಿದೆ. ವಯಸ್ಸಿನ ಸುಳ್ಳನ್ನು ತಾವಾಗಿ ಒಪ್ಪಿಕೊಂಡವರಿಗೆ ಶಿಕ್ಷೆಯಿಲ್ಲ, ಮುಚ್ಚಿಟ್ಟವರಿಗೆ ಎರಡು ವರ್ಷ ನಿಷೇಧ ಎಂದು ಮಂಡಳಿ 2020ರಲ್ಲಿ ಪ್ರಕಟಿಸಿತ್ತು. ಕಬಡ್ಡಿಯ ಮಾತು ಒತ್ತಟ್ಟಿಗಿರಲಿ, ನಿಮ್ಮ ಮಗ ಈಗ ಹತ್ತನೆಯ ತರಗತಿಯಲ್ಲಿದ್ದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜನ್ಮದಿನಾಂಕ ಬದುಕಿಡೀ ಅವನ ಬೆನ್ನಿಗಿರುತ್ತದೆ. ಆಧಾರ್‌ನಲ್ಲಿ ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು ಎಂದಾದರೆ ಪಾಸ್‌ಪೋರ್ಟ್‌ಗೂ ನೌಕರಿಗೂ ಪ್ರತಿ ಸಲ ಅಫಿಡವಿಟ್ ಹಿಡಿದು ಅಲೆಯಬೇಕಾಗುತ್ತದೆ.

ತರಬೇತುದಾರರು ನಿಮಗೆ ಹೇಳದೇ ಬಿಟ್ಟ ಒಂದು ಸಂಗತಿಯಿದೆ. ಸಬ್ ಜೂನಿಯರ್ ಮುಗಿದರೆ ಜೂನಿಯರ್ ವಿಭಾಗವಿದೆ, ಅದರ ಮಿತಿ 20 ವರ್ಷ. ಶಾಲಾ ಕೂಟಗಳಲ್ಲಿ ಹದಿನೇಳರ ಒಳಗಿನದು, ಆಮೇಲೆ ಪಿಯುಸಿಯಲ್ಲಿ ಹತ್ತೊಂಬತ್ತರ ಒಳಗಿನದು. ಅವನ ಮುಂದೆ ಸ್ವಂತ ಹೆಸರಿನ, ಸ್ವಂತ ವಯಸ್ಸಿನ ನಾಲ್ಕು ವರ್ಷಗಳಿವೆ. ಮೊದಲ ವರ್ಷ ದೊಡ್ಡವರ ನಡುವೆ ಹೊಡೆತ ತಿನ್ನುತ್ತಾನೆ, ಬೆಂಚಿನಲ್ಲಿ ಕೂರುತ್ತಾನೆ. ಬಲವಿದ್ದವರ ಎದುರು ಬಲ ಸಾಲದೆಂದು ಗೊತ್ತಾದಾಗಲೇ ರೈಡರ್‌ಗೆ ಕಾಲಿನ ಚಳಕ, ಬೋನಸ್ ಗೆರೆಯ ಲೆಕ್ಕ ಬರುವುದು. ಚಿಕ್ಕವರನ್ನು ನೂಕಿ ಗೆದ್ದವನಿಗೆ ಅದು ಬರುವುದಿಲ್ಲ. ನನ್ನ ಆ ಹುಡುಗ ದೊಡ್ಡವರ ವಿಭಾಗಕ್ಕೆ ಹೋದಾಗ ಎರಡು ಪಂದ್ಯಾವಳಿಗೆ ಸೋತು ಆಟವನ್ನೇ ಬಿಟ್ಟ.

ತರಬೇತುದಾರರ ಬಳಿ ಹೋಗುವಾಗ ಮಗನನ್ನೂ ಕರೆದುಕೊಂಡು ಹೋಗಿ, ಅವನ ಎದುರಿಗೇ ಹೇಳಿ: ವಯಸ್ಸು ಇದ್ದಂತೆ ಇರಲಿ, ಜೂನಿಯರ್‌ಗೆ ತಯಾರು ಮಾಡಿ ಎಂದು. ಜಗಳ ಬೇಡ, ದೂರು ಬೇಡ, ಅವರಿಗೂ ಮೇಲಿನಿಂದ ಒತ್ತಡವಿರುತ್ತದೆ. ಸಿಟ್ಟಾಗಿ ಹುಡುಗನನ್ನು ಕೈಬಿಟ್ಟರೆ ನನಗೆ ಇಲ್ಲಿಯೇ ಬರೆಯಿರಿ. ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತಿದರೆ ಶಿರಸಿ. ಒಂದು ಭಾನುವಾರ ಬಸ್ ಹಿಡಿದು ಬಂದು, ನಮೂನೆ ತುಂಬಿದ ಕಥೆಯನ್ನು ಅವರಿಗೂ ನಾನೇ ಹೇಳುತ್ತೇನೆ.