ಹಳೆಯ ರಿಂಗರ್ ವಾಷಿಂಗ್ ಮೆಷಿನ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಾನ್ಯರೇ, ಮೂಡಿಗೆರೆ ಬಳಿಯ ನಮ್ಮ ತೋಟದ ಮನೆ ಹಿಂದೆ ಬ್ರಿಟಿಷ್ ಪ್ಲಾಂಟರೊಬ್ಬರ ಬಂಗಲೆಯಾಗಿತ್ತು. ಈಚೆಗೆ ಗೋದಾಮನ್ನು ತೆರವು ಮಾಡುವಾಗ, ಮೇಲ್ಭಾಗದಲ್ಲಿ ರಿಂಗರ್, ಅಂದರೆ ಒಗೆದ ಬಟ್ಟೆಯ ನೀರು ಹಿಂಡುವ ಎರಡು ರಬ್ಬರ್ ರೋಲರ್‌ಗಳಿರುವ ಹಳೆಯ ವಾಷಿಂಗ್ ಮೆಷಿನ್ ಸಿಕ್ಕಿತು. ಅಜ್ಜಿಯ ಕಾಲದಲ್ಲಿ ಹೊದಿಕೆಗಳನ್ನು ಇದರಲ್ಲಿಯೇ ಒಗೆಯುತ್ತಿದ್ದರಂತೆ. ಸುಮಾರು ನಲವತ್ತು ವರ್ಷಗಳಿಂದ ಯಾರೂ ಮುಟ್ಟಿಲ್ಲ. ಮೋಟರಿನ ಫಲಕದಲ್ಲಿ 230 ವೋಲ್ಟ್, 50 ಸೈಕಲ್, ಕಾಲು ಎಚ್.ಪಿ. ಎಂದಿದೆ. ಪ್ಲಗ್ ಹಾಕಿದಾಗ ‘ಗುಂಯ್’ ಎಂಬ ಸದ್ದು ಬಂತೇ ಹೊರತು ಏನೂ ತಿರುಗಲಿಲ್ಲ. ಸುಟ್ಟ ವಾಸನೆ ಬರುತ್ತಲೇ ಪ್ಲಗ್ ಕಿತ್ತೆ. ಅಡಿಯಲ್ಲಿ ಕಪ್ಪು ಎಣ್ಣೆ ಜಿನುಗಿದೆ. ನಮ್ಮ ಎಲೆಕ್ಟ್ರಿಷಿಯನ್ ಹಳೆಯ ಮೋಟರನ್ನು ಎಸೆದು ಒಂದು ಎಚ್.ಪಿ. ಮೋಟರು ಕೂರಿಸೋಣ ಎನ್ನುತ್ತಾರೆ. ತಮ್ಮ ಸಲಹೆ ಏನು?

ಉತ್ತರ: ಕೂಡಲೇ ಪ್ಲಗ್ ಕಿತ್ತದ್ದು ಒಳ್ಳೆಯದಾಯಿತು. ತಿರುಗದೆ ನಿಂತ ಮೋಟರು ಸಾಮಾನ್ಯಕ್ಕಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಕೆಲಸಕ್ಕೆ ಬಾರದ ಆ ಶಕ್ತಿಯೆಲ್ಲ ವೈಂಡಿಂಗಿನಲ್ಲಿ (ಮೋಟರಿನೊಳಗಿನ ತಂತಿಯ ಸುರುಳಿಯಲ್ಲಿ) ಶಾಖವಾಗುವುದರಿಂದ, ಇನ್ನೊಂದು ನಿಮಿಷ ಬಿಟ್ಟಿದ್ದರೆ ಅದು ಸುಟ್ಟೇ ಹೋಗುತ್ತಿತ್ತು. ನಲವತ್ತು ವರ್ಷ ಮಲೆನಾಡಿನ ಮಳೆಗಾಲಗಳನ್ನು ಗೋದಾಮಿನಲ್ಲಿ ಕಳೆದ ಯಂತ್ರಕ್ಕೆ ಮೊದಲು ಕೊಡಬೇಕಾದದ್ದು ಕರೆಂಟಲ್ಲ, ಕೈ. ಕೈಯಿಂದ ಸರಾಗವಾಗಿ ತಿರುಗದ ಯಾವುದನ್ನೂ ಮೋಟರಿನಿಂದ ತಿರುಗಿಸಲು ಹೋಗಬೇಡಿ.

ಮೋಟರಿನಿಂದ ಗೇರ್ ಬಾಕ್ಸಿಗೆ ಹೋಗುವ ಬೆಲ್ಟನ್ನು ಕಳಚಿ, ಎರಡೂ ಕಡೆಯ ಪುಲ್ಲಿಗಳನ್ನು ಬೇರೆ ಬೇರೆಯಾಗಿ ಕೈಯಿಂದ ತಿರುಗಿಸಿ ನೋಡಿ. ದೋಷ ಯಾವ ಭಾಗದಲ್ಲಿದೆ ಎಂಬುದು ಇಷ್ಟರಿಂದಲೇ ಬಹುಮಟ್ಟಿಗೆ ತಿಳಿಯುತ್ತದೆ. ನಿಮ್ಮ ಯಂತ್ರದಲ್ಲಿ ಗೇರ್ ಬಾಕ್ಸ್ ಬಿಗಿದುಕೊಂಡಿರುವ ಸಂಭವ ಹೆಚ್ಚು. ತೊಟ್ಟಿಯ ನಡುವೆ ನಿಂತಿರುವ ರೆಕ್ಕೆಗಳ ಕಂಬ ಒಂದೇ ದಿಕ್ಕಿನಲ್ಲಿ ಸುತ್ತುವುದಿಲ್ಲ. ಹಗ್ಗ ಹಾಕಿ ಮೊಸರು ಕಡೆಯುವ ಕಡೆಗೋಲಿನಂತೆ ಅತ್ತ ಒಮ್ಮೆ, ಇತ್ತ ಒಮ್ಮೆ ತಿರುಗುತ್ತದೆ. ಮೋಟರಿನ ಒಂದೇ ದಿಕ್ಕಿನ ಸುತ್ತನ್ನು ಈ ಕಡೆತವಾಗಿ ಮಾರ್ಪಡಿಸುವ ಗೇರುಗಳೂ ತೋಳುಗಳೂ ಅಡಿಯ ಪೆಟ್ಟಿಗೆಯಲ್ಲಿ ಎಣ್ಣೆಯೊಳಗೆ ಮುಳುಗಿರುತ್ತವೆ. ಹಳೆಯ ಎಣ್ಣೆ ದಶಕಗಳಲ್ಲಿ ಅಂಟಾಗಿ ಗಟ್ಟಿಯಾಗುತ್ತದೆ. ಎಣ್ಣೆಯನ್ನು ಬೋಗುಣಿಯೊಂದಕ್ಕೆ ಇಳಿಸಿ ಬಣ್ಣವನ್ನು ಗಮನಿಸಿ. ಬರಿಯ ಕಪ್ಪಾಗಿದ್ದರೆ ಚಿಂತೆಯಿಲ್ಲ. ಹಾಲು ಬೆರೆತಂತೆ ಬೆಳ್ಳಗಿದ್ದರೆ ಅಥವಾ ತುಕ್ಕಿನ ಕೆಂಪು ಕಂಡರೆ, ತೊಟ್ಟಿಯ ನೀರು ಕಂಬದ ಸೀಲಿನ ಮೂಲಕ ಕೆಳಗಿಳಿದಿದೆ ಎಂದರ್ಥ. ಆಗ ಸೀಲ್ ಬದಲಿಸದೆ ಹೊಸ ಎಣ್ಣೆ ತುಂಬಿ ಪ್ರಯೋಜನವಿಲ್ಲ.

ಪೆಟ್ಟಿಗೆಯೊಳಗೆ ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ ಒಂದೆರಡು ದಿನ ನೆನೆಯಲು ಬಿಡಿ. ನಡುನಡುವೆ ಪುಲ್ಲಿಯನ್ನು ಮೆಲ್ಲಗೆ ಹಿಂದೆ ಮುಂದೆ ಅಲುಗಿಸಿ. ಪೈಪು ಸಿಕ್ಕಿಸಿ ಒತ್ತಾಯದಿಂದ ತಿರುಗಿಸಿದರೆ ಗೇರಿನ ಹಲ್ಲು ಮುರಿಯುತ್ತದೆ, ಮುರಿದ ಹಲ್ಲಿಗೆ ಬದಲಿ ಅಂಗಡಿಯಲ್ಲಿ ಸಿಗುವುದಿಲ್ಲ. ಬಿಡಿಸಿಕೊಂಡ ಬಳಿಕ ಚೆನ್ನಾಗಿ ತೊಳೆದು, ಒಣಗಿಸಿ, ಹೊಸ ಎಣ್ಣೆ ತುಂಬಿ. ಕಂಚಿನ ಬುಷ್ (ಅಚ್ಚು ತಿರುಗುವ ಬಳೆ) ಅಥವಾ ಗೇರು ಇದ್ದರೆ ಜಿಎಲ್-5 ದರ್ಜೆಯ ಗೇರ್ ಎಣ್ಣೆ ಬೇಡ, ಅದರಲ್ಲಿರುವ ಗಂಧಕದ ಸಂಯುಕ್ತಗಳು ಹಳದಿ ಲೋಹವನ್ನು ತಿನ್ನಬಲ್ಲವು, ಜಿಎಲ್-4 ಸಾಕು. ನಿಮ್ಮ ಸೀಮೆಯಲ್ಲಿ ಕಾಫಿ ಪಲ್ಪರ್ ರಿಪೇರಿ ಮಾಡುವ ಮೆಕ್ಯಾನಿಕ್‌ಗಳಿದ್ದಾರೆ. ಬುಷ್ ಸವೆದಿದ್ದರೆ ಹೊಸದನ್ನು ಕಡೆದು ಕೂರಿಸುವುದು ಅವರಿಗೆ ಪರಿಚಿತ ಕೆಲಸವಾದ್ದರಿಂದ, ಈ ಭಾಗವನ್ನು ಅವರಿಗೇ ಒಪ್ಪಿಸಿರೆಂದು ನಾನು ಒತ್ತಿ ಹೇಳುತ್ತೇನೆ.

ಇನ್ನು ಮೋಟರಿನ ವಿಚಾರ. ತೇವ ಕುಡಿದ ವೈಂಡಿಂಗಿನ ನಿರೋಧವನ್ನು 500 ವೋಲ್ಟ್ ಮೆಗ್ಗರ್ ಎಂಬ ನಿರೋಧ ಅಳೆಯುವ ಉಪಕರಣದಿಂದ ಅಳೆಸಿ. ವೈಂಡಿಂಗಿಗೂ ಮೋಟರಿನ ಮೈಗೂ ನಡುವೆ ಕನಿಷ್ಠ 1 ಮೆಗಓಮ್ ಇರಬೇಕು. ಕಡಿಮೆ ಬಂದರೆ ಕಾಫಿ ಒಣಗಿಸುವ ಕಣದಲ್ಲಿ ಕೆಲವು ದಿನ ಬಿಸಿಲಿಗಿಡಿ, ಅಥವಾ ಮರದ ಪೆಟ್ಟಿಗೆಯಲ್ಲಿ 100 ವಾಟಿನ ಹಳೆಯ ಮಾದರಿಯ ಬಲ್ಬನ್ನು, ಮರಕ್ಕೂ ಮೋಟರಿಗೂ ತಾಗದಂತೆ, ಉರಿಸಿ ಒಣಗಿಸಿ ಮತ್ತೆ ಅಳೆಸಿ. ಬೆಲ್ಟಿಲ್ಲದೆ ಓಡಿಸಿದಾಗಲೂ ಬರಿಯ ಸದ್ದೇ ಬಂದರೆ, ದೋಷ ಬಹುಶಃ ಒಳಗಿನ ಸ್ಟಾರ್ಟಿಂಗ್ ಸ್ವಿಚ್ಚಿನದು. ಸಿಂಗಲ್ ಫೇಸ್ ಮೋಟರಿನ ಮುಖ್ಯ ವೈಂಡಿಂಗಿಗೆ ತಾನಾಗಿ ಹೊರಡುವ ಬಲವಿಲ್ಲ. ಸ್ಟಾರ್ಟಿಂಗ್ ವೈಂಡಿಂಗ್ ಮೊದಲ ತಳ್ಳು ಕೊಡುತ್ತದೆ, ವೇಗ ಮುಕ್ಕಾಲು ಪಾಲು ಬಂದಾಗ ಈ ಸ್ವಿಚ್ಚು ಅದನ್ನು ಕಡಿದುಹಾಕುತ್ತದೆ. ಸ್ವಿಚ್ಚಿನ ಪಾಯಿಂಟುಗಳಿಗೆ ತುಕ್ಕು ಹಿಡಿದಿದ್ದರೆ ಆ ಮೊದಲ ತಳ್ಳು ಸಿಗುವುದೇ ಇಲ್ಲ. ನುಣುಪಾದ ಎಮರಿ ಕಾಗದದಿಂದ ಉಜ್ಜಿದರೆ ಅನೇಕ ವೇಳೆ ಅಷ್ಟರಲ್ಲೇ ಸರಿಹೋಗುತ್ತದೆ.

ವೈಂಡಿಂಗ್ ನಿಜವಾಗಿ ಸುಟ್ಟಿದ್ದರೂ ಮೋಟರನ್ನು ಎಸೆಯಬೇಡಿ. ಚಿಕ್ಕಮಗಳೂರಿನಲ್ಲೋ ಹಾಸನದಲ್ಲೋ ಪಂಪ್‌ಸೆಟ್ ಮೋಟರುಗಳನ್ನು ರಿವೈಂಡ್ ಮಾಡುವವರು ಇದನ್ನೂ ಮಾಡಿಕೊಡಬಲ್ಲರು. ಒಂದು ಎಚ್.ಪಿ. ಮೋಟರಿಗೆ ಮಾತ್ರ ನನ್ನ ಸ್ಪಷ್ಟ ವಿರೋಧವಿದೆ. ಕಾಲು ಎಚ್.ಪಿ.ಗೆಂದು ರೂಪಿಸಿದ ಗೇರುಗಳ ಮೇಲೆ ನಾಲ್ಕು ಪಟ್ಟು ಬಲ ಬಿದ್ದರೆ ಹಲ್ಲು ಉಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ರೋಲರಿಗೆ ಕೈ ಸಿಕ್ಕಿದರೆ ಅದೇ ಬಲ ಕೈಯ ಮೇಲೆ ಬೀಳುತ್ತದೆ.

ಹಳೆಯ ವೈರನ್ನು ಉಳಿಸಿಕೊಳ್ಳುವ ಯೋಚನೆಯೇ ಬೇಡ. ಹತ್ತಿಯ ನೂಲು ಸುತ್ತಿದ ಆ ರಬ್ಬರ್ ವೈರು ಬಾಗಿಸಿದರೆ ಪುಡಿಯಾಗುತ್ತದೆ. ಮೂರು ತಂತಿಯ ಹೊಸ ಕೇಬಲ್ ಎಳೆಸಿ, ಮೋಟರಿನ ಮೈ ಮತ್ತು ತೊಟ್ಟಿಯ ಚೌಕಟ್ಟು ಎರಡಕ್ಕೂ ಅರ್ಥಿಂಗ್ ಮಾಡಿಸಿ, ಆ ಸಾಲಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಸಾಲನ್ನು ಕಡಿಯುವ ಸ್ವಿಚ್ಚು) ಹಾಕಿಸಿ. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಲೋಹದ ತೊಟ್ಟಿಯನ್ನು ಮುಟ್ಟುವ ಕೆಲಸವಿದು. ಬಣ್ಣದ ವಿಷಯ ಕೊನೆಗಿರಲಿ. ಎನಾಮೆಲ್ ತೊಟ್ಟಿಯಾದರೆ ಆಸಿಡ್ ಬೇಡ, ಅಲ್ಯುಮಿನಿಯಂ ಆದರೆ ವಾಷಿಂಗ್ ಸೋಡಾ ಬೇಡ.

ಪ್ರಶ್ನೆ: ಸಕಲೇಶಪುರದ ನಮ್ಮ ಮನೆಯಲ್ಲಿಯೂ ಇಂಥದೇ ಯಂತ್ರವಿದೆ, ಮೋಟರು ಚೆನ್ನಾಗಿದೆ. ಆದರೆ ಒಂದು ರೋಲರಿನ ರಬ್ಬರ್ ಬಿರುಕು ಬಿಟ್ಟು ಒಂದು ಕಡೆ ಚಪ್ಪಟೆಯಾಗಿದೆ, ಇನ್ನೊಂದರದು ಅಂಟಂಟಾಗಿದೆ. ಸೈಕಲ್ ಟ್ಯೂಬ್ ಸುತ್ತಿ ಅಂಟಿಸಬಹುದೇ?

ಉತ್ತರ: ಬೇಡ. ಟ್ಯೂಬಿನ ಅಂಚಿನಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ, ಅಂಟು ಸೋಪಿನ ನೀರಿಗೆ ಬಿಡುತ್ತದೆ. ಚಪ್ಪಟೆಯಾಗಲು ಕಾರಣ, ಕೊನೆಯ ಸಲ ಬಳಸಿದವರು ರೋಲರ್‌ಗಳನ್ನು ಒತ್ತಿಹಿಡಿಯುವ ಮೇಲಿನ ತಿರುಪನ್ನು ಸಡಿಲಿಸದೆ ಬಿಟ್ಟದ್ದು. ಒಂದೇ ಜಾಗದಲ್ಲಿ ವರ್ಷಗಟ್ಟಲೆ ಒತ್ತಿಕೊಂಡ ರಬ್ಬರ್ ಹಾಗೆಯೇ ಉಳಿದುಬಿಡುತ್ತದೆ. ಬರಿಯ ಮೇಲ್ಪದರ ಗಟ್ಟಿಯಾಗಿದ್ದರೆ ಲೇತಿನಲ್ಲಿ ಒಂದೆರಡು ಮಿಲಿಮೀಟರ್ ಸವೆಸಬಹುದು. ಆದರೆ ಅಂಟಾದ ರಬ್ಬರ್ ಒಳಗಿನಿಂದಲೇ ಕೆಟ್ಟಿರುತ್ತದೆ, ಅದಕ್ಕೆ ಯಾವ ಪುಡಿ ಬಳಿದರೂ ಫಲವಿಲ್ಲ. ನಿಮ್ಮ ಎರಡೂ ರೋಲರ್‌ಗಳನ್ನು ಕಳಚಿ, ಅಚ್ಚುಕೂಟದ ಯಂತ್ರಗಳ ರೋಲರ್‌ಗಳಿಗೆ ಹೊಸ ರಬ್ಬರ್ ಹಾಕಿಕೊಡುವವರಲ್ಲಿಗೆ ಕಳಿಸಿ. ಮೂಲ ವ್ಯಾಸವನ್ನು ಹಾನಿಯಾಗದ ತುದಿಯಲ್ಲಿ ಅಳೆದು ಬರೆದುಕೊಡಿ; ಎರಡೂ ಒಂದೇ ಅಳತೆಯಲ್ಲಿರಲಿ. ಹೆಬ್ಬೆರಳಿನಿಂದ ಒತ್ತಿದರೆ ತುಸು ತಗ್ಗುವಷ್ಟು ಮೆದುವಿರಬೇಕು, ಇಲ್ಲವಾದರೆ ಬಟ್ಟೆಯ ಗುಂಡಿಗಳು ಒಡೆಯುತ್ತವೆ. ಹೊಸ ರಬ್ಬರಿಗೆ ಗೇರ್ ಎಣ್ಣೆ ತಾಗಲು ಬಿಡಬೇಡಿ.

ರೋಲರ್ ಸರಿಯಾದ ಮೇಲೆ ಅತ್ಯಂತ ಎಚ್ಚರದಿಂದ ನೋಡಬೇಕಾದದ್ದು, ಅಪಾಯದಲ್ಲಿ ರೋಲರ್‌ಗಳನ್ನು ಬೇರ್ಪಡಿಸುವ ಬಿಡುಗಡೆ ಪಟ್ಟಿಯನ್ನು. ಅಂಗೈಯಿಂದ ಒಮ್ಮೆ ಹೊಡೆದರೆ ಒತ್ತಡ ಆ ಕ್ಷಣವೇ ಬಿಟ್ಟುಹೋಗಬೇಕು. ಮಡಿಸಿದ ಟವೆಲನ್ನು ಕೊಟ್ಟು ಹತ್ತು ಸಲ ಪರೀಕ್ಷಿಸಿ. ಒಂದು ಸಲ ತಪ್ಪಿದರೂ ಯಂತ್ರವನ್ನು ಬಳಸಬೇಡಿ. ಕಬ್ಬಿನ ಗಾಣಕ್ಕೆ ಕೈ ಕೊಟ್ಟವರ ಗತಿ ನಮ್ಮ ಕಡೆಯವರಿಗೆ ಗೊತ್ತಿದೆ. ಇದರ ರಬ್ಬರ್ ಮೆದುವೆಂದು ಅನೇಕರು ಅಸಡ್ಡೆ ಮಾಡುತ್ತಾರೆ. ಆದರೆ ಸಿಕ್ಕಿದ ತೋಳಿನ ಮೇಲೆ ರೋಲರ್ ಒಂದೇ ಸಮನೆ ಉರುಳುತ್ತ ಚರ್ಮದ ಅಡಿಯ ಮಾಂಸವನ್ನು ಜಜ್ಜುತ್ತದೆ. ಮೊದಲಿಗೆ ಹೊರಗೆ ತರಚು ಮಾತ್ರ ಕಂಡು, ಊತ ಗಂಟೆಗಳ ನಂತರ ಏರುತ್ತದೆ. ಅಂಥ ಪೆಟ್ಟು ಬಿದ್ದರೆ ನೋಡಲು ಸಣ್ಣದೆನಿಸಿದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸೆರಗನ್ನು ಸಿಕ್ಕಿಸಿ, ಜಡೆಯನ್ನು ಮೇಲೆ ಕಟ್ಟಿ, ಬಳೆಗಳನ್ನು ತೆಗೆದಿಡಿ. ಯಂತ್ರ ಓಡುವಾಗ ಮಕ್ಕಳು ಆ ಕೋಣೆಯಲ್ಲೇ ಇರಬಾರದು.

ಪ್ರಶ್ನೆ: ಹಾಸನದ ನಮ್ಮ ಮನೆಯಲ್ಲಿರುವ ಯಂತ್ರ ಅಮೆರಿಕದ ಮೇಟ್ಯಾಗ್. ಫಲಕದಲ್ಲಿ 115 ವೋಲ್ಟ್, 60 ಸೈಕಲ್, 1725 ಆರ್‌ಪಿಎಂ ಎಂದಿದೆ. ಟ್ರಾನ್ಸ್‌ಫಾರ್ಮರ್ ಹಾಕಿದರೆ ಸಾಕೇ?

ಉತ್ತರ: ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಸೈಕಲ್ಲನ್ನು (ಕರೆಂಟಿನ ದಿಕ್ಕು ಸೆಕೆಂಡಿಗೆ ಎಷ್ಟು ಆವರ್ತನೆ ಮಾಡುತ್ತದೆ ಎಂಬ ಲೆಕ್ಕ, ಈಗಿನ ಹರ್ಟ್ಸ್) ಬದಲಿಸುವುದಿಲ್ಲ. 60 ಸೈಕಲ್ಲಿನ ಮೋಟರು ನಮ್ಮ 50ರಲ್ಲಿ ಆರನೇ ಒಂದು ಪಾಲು ನಿಧಾನವಾಗಿ ಓಡುತ್ತದೆ. 115 ವೋಲ್ಟನ್ನೇ ಕೊಟ್ಟರೆ ಅದರ ಕಬ್ಬಿಣದ ತಿರುಳು ಕಾಂತತೆಯಿಂದ ತುಂಬಿ, ಕರೆಂಟು ಹೆಚ್ಚಿ, ವಿಪರೀತ ಬಿಸಿಯಾಗುತ್ತದೆ. ಸುಮಾರು 96 ವೋಲ್ಟಿಗೆ ಇಳಿಸಿದರೆ ಆ ತೊಂದರೆ ತಪ್ಪುತ್ತದೆಯಾದರೂ ಬಲ ಕುಗ್ಗುತ್ತದೆ. ಈ ಮಾದರಿಯನ್ನು ಆ ಕಂಪನಿ 1983ರವರೆಗೂ ತಯಾರಿಸುತ್ತಿತ್ತಾದ್ದರಿಂದ, ಅಲ್ಲಿ ಇಂದಿಗೂ ಇವುಗಳನ್ನು ಜೋಪಾನ ಮಾಡುವವರು ಬಹಳ ಮಂದಿ ಇದ್ದಾರೆ. ನಿಮಗೆ ನನ್ನ ಸಲಹೆ, ಮೂಲ ಮೋಟರನ್ನು ಎಣ್ಣೆ ಹಚ್ಚಿ ಪೆಟ್ಟಿಗೆಯಲ್ಲಿ ಕಾಪಾಡಿ, ಅದೇ ಎಚ್.ಪಿ.ಯ, 230 ವೋಲ್ಟಿನ, ಅದೇ ದಿಕ್ಕಿಗೆ ತಿರುಗುವ ನಮ್ಮ ಮೋಟರನ್ನು ಕೂರಿಸುವುದು. ಅದರ ವೇಗ ಸುಮಾರು 1440 ಆರ್‌ಪಿಎಂ ಇರುವುದರಿಂದ ಮೋಟರಿನ ಪುಲ್ಲಿಯ ವ್ಯಾಸವನ್ನು 1.2 ಪಟ್ಟು ಹೆಚ್ಚಿಸಿ, ಬೆಲ್ಟನ್ನು ಅದಕ್ಕೆ ತಕ್ಕ ಉದ್ದದ್ದು ತರಿಸಿದರೆ ಕಡೆತದ ವೇಗ ಮೊದಲಿನಷ್ಟೇ ಬರುತ್ತದೆ.